ಮೂರನೆಯ ಪ್ಲೇಟು

ಕಳೆದ ಶುಕ್ರವಾರ ಮೊಮ್ಮಗಳು ಅನಘಾ ಕಾಲೇಜಿನಿಂದ ಬಂದಾಗ ಅವಳ ಬೆರಳುಗಳು ನೀಲಿಯಾಗಿದ್ದವು. ಎಷ್ಟು ಸೋಪು ಹಚ್ಚಿ ಉಜ್ಜಿದರೂ ಉಗುರಿನ ಸಂದಿಯಲ್ಲಿ ಉಳಿದುಬಿಡುವ ನೀಲಿ ಅದು. ಚಹಾದ ಕಪ್ಪನ್ನು ನನ್ನ ಮುಂದಿಟ್ಟು ಅವಳು ಕೈ ಹಿಂದಕ್ಕೆ ಎಳೆದುಕೊಂಡಾಗ ಎಣ್ಣೆಯಲ್ಲಿ ಕಲಸಿದ ಆ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ಐವತ್ತು ವರ್ಷದ ಮೇಲಾಯಿತು, ಆ ವಾಸನೆ ಬದಲಾಗಿಲ್ಲ.

ನಾನೀಗ ಛತ್ರಪತಿ ಸಂಭಾಜಿನಗರದಲ್ಲಿ ಮಗಳ ಮನೆಯಲ್ಲಿದ್ದೇನೆ. ಬಾಯಿಗೆ ಇನ್ನೂ ಔರಂಗಾಬಾದ್ ಎಂದೇ ಬರುತ್ತದೆ, ಅನಘಾ ತಿದ್ದುತ್ತಾಳೆ. ಅವಳು ಇಲ್ಲೇ ಮೆಕ್ಯಾನಿಕಲ್ ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಾಳೆ. ಕನ್ನಡ ಅರ್ಥವಾಗುತ್ತದೆ, ಆಡುವಾಗ ಮಾತ್ರ ನಡುನಡುವೆ ಮರಾಠಿ ನುಸುಳುತ್ತದೆ. ಅವತ್ತು ಅವಳು ಬ್ಯಾಗಿನಿಂದ ಒಂದು ಹಾಳೆ ತೆಗೆದು ಕೈಯಲ್ಲೇ ಹಿಡಿದುಕೊಂಡು ಕೂತಳು.

"ಅಜ್ಜಾ, ನಮ್ಮದು ನಾಲ್ಕು ಮಂದಿಯ ಪ್ರಾಜೆಕ್ಟ್. ಮುಗೀತು. ಈಗ ಉಳಿದ ಮೂವರಿಗೂ ನನಗೂ ನಾನೇ ಹತ್ತಕ್ಕ ಎಷ್ಟು ಅಂತ ಮಾರ್ಕ್ಸ್ ಬರೀಬೇಕಂತ. ನನಗ ನಾನು ಕಮ್ಮಿ ಕೊಟ್ಟರ ವೇಡಿ, ಹುಚ್ಚಿ ಅಂತಾರ, ಜಾಸ್ತಿ ಕೊಟ್ಟರ ನಾಚಿಕಿ ಬರ್ತದ. ನೀವ ಹೇಳ್ರಿ."

"ಉಳಿದವರಿಗೆ ಎಷ್ಟು ಬರೀತಿ?"

"ಇಬ್ಬರಿಗೆ ಎಂಟೆಂಟು. ಆ ವೈಜಾಪುರದವನಿಗೆ ಮೂರು. ಶನಿವಾರ ನಾವು ಕೂಡ್ತಿದ್ವಿ, ಅವ ಒಂದ ದಿನಾನೂ ಬರಲಿಲ್ಲ."

ನನಗೆ ಸಿಟ್ಟು ಬಂತು. ಆ ಸಿಟ್ಟು ಅವಳ ಮೇಲಿನದಲ್ಲ. ಅದು ಅರವತ್ತೊಂಬತ್ತರ ಮಳೆಗಾಲದ್ದು, ನಾಸಿಕದ್ದು. ಅದನ್ನು ಈಗಲಾದರೂ ಬರೆದಿಡಬೇಕು.

ನಮ್ಮ ತಂದೆ ಹುಬ್ಬಳ್ಳಿಯಲ್ಲಿ ರೈಲ್ವೆ ವರ್ಕ್‌ಶಾಪಿನ ಫಿಟರ್. ಮನೆಯಲ್ಲಿ ಗಡಿಯಾರ ಇತ್ತು, ಆದರೆ ಅದನ್ನು ಯಾರೂ ನೋಡುತ್ತಿರಲಿಲ್ಲ. ವರ್ಕ್‌ಶಾಪಿನ ಸೈರನ್ನು, ಅದೇ ಭೋಂಗಾ, ಕೂಗುವ ಹೊತ್ತಿಗೆ ಅಪ್ಪ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿರಬೇಕು, ನಾವು ಮಕ್ಕಳು ಸ್ನಾನ ಮುಗಿಸಿ ಪುಸ್ತಕ ಹಿಡಿದಿರಬೇಕು. ಹಾಸಿಗೆಯ ನಾಲ್ಕೂ ಮೂಲೆ ಸರಿಯಾಗಿ ಕೂಡದಿದ್ದರೆ ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಬೇಕು. ಹೀಗೆ ಬೆಳೆದವನು ನಾನು. ಅಣ್ಣ ನಾಸಿಕದ ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವನ ಬೆನ್ನು ಹತ್ತಿ ನಾನೂ ನಾಸಿಕಕ್ಕೆ ಬಂದೆ. ಅವನ ಕಾರ್ಖಾನೆಯಲ್ಲಿ ನನಗೆ ಜಾಗ ಸಿಗಲಿಲ್ಲ. ಊರ ಹೊರಗೆ ಯಂತ್ರದ ಬಿಡಿಭಾಗ ಮಾಡುವ ಒಂದು ಖಾಸಗಿ ಕಾರ್ಖಾನೆಯಿತ್ತು, ಅದರ ತರಬೇತಿ ವಿಭಾಗಕ್ಕೆ ಸೇರಿದೆ. ಆ ಕಾರ್ಖಾನೆ ಈಗಿಲ್ಲ. ಹೆಸರು ಹೇಳಿ ಪ್ರಯೋಜನವೂ ಇಲ್ಲ.

ಅಲ್ಲಿ ನಮಗೆ ಕಲಿಸುತ್ತಿದ್ದವರು ಪಗಾರೆ ಮಾಸ್ತರರು. ಕುಳ್ಳ ಮನುಷ್ಯ, ಕಿವಿಯ ಮೇಲೆ ಯಾವಾಗಲೂ ಒಂದು ಪೆನ್ಸಿಲು. ನಮ್ಮ ಕೆಲಸ ನೋಡಿ ಆ ಪೆನ್ಸಿಲಿನಿಂದ ಅವರು ಅಂಕ ಬರೆದರೆ ಮುಗಿಯಿತು, ಮೇಲ್ಮನವಿ ಇಲ್ಲ. ಬೈಯುತ್ತಿದ್ದರು, ಕೆಲವೊಮ್ಮೆ ವಿನಾಕಾರಣ. ಆದರೆ ಅವರ ಕಣ್ಣು ಕೆಲಸದ ಮೇಲಿರುತ್ತಿತ್ತು.

ಆ ವರ್ಷ ಮುಂಬೈಯಿಂದ ಹೊಸ ತರಬೇತಿ ಅಧಿಕಾರಿ ಬಂದರು. ಇಸ್ತ್ರಿ ಮಾಡಿದ ಬಿಳಿ ಷರ್ಟು, ಮೃದು ಮಾತು. ಜೂನಿನ ಮೊದಲ ಮಳೆ ತಗಡಿನ ಮಾಡಿನ ಮೇಲೆ ಸುರಿಯುತ್ತಿದ್ದಾಗ ನಮ್ಮನ್ನು ನಿಲ್ಲಿಸಿ ಹೊಸ ಪದ್ಧತಿ ಹೇಳಿದರು. ವರ್ಷದ ಕೊನೆಯ ಕೆಲಸವನ್ನು ಮೂವರ ಗುಂಪಿನಲ್ಲಿ ಮಾಡಬೇಕು. ಮುಗಿದ ಮೇಲೆ ಪ್ರತಿಯೊಬ್ಬನೂ ತನಗೂ ಉಳಿದಿಬ್ಬರಿಗೂ ಹತ್ತಕ್ಕೆ ಅಂಕ ಕೊಡಬೇಕು. ಮೊತ್ತದಲ್ಲಿ ಮೊದಲ ಇಬ್ಬರಿಗೆ ಟೂಲ್ ರೂಮ್, ಮೂರನೆಯವನಿಗೆ ಗೋದಾಮು. ಮಾಸ್ತರರು ನಡುವೆ ಬಾಯಿ ಹಾಕುವಂತಿಲ್ಲ.

ಟೂಲ್ ರೂಮ್ ಎಂದರೆ ಇಡೀ ಕಾರ್ಖಾನೆಗೆ ಬೇಕಾದ ಅಚ್ಚು, ಅಳತೆಯ ಸಾಧನಗಳನ್ನು ಮಾಡುವ ಜಾಗ. ಒಳ್ಳೆಯ ಫಿಟರ್ ಆಗಬೇಕೆನ್ನುವವನು ಅಲ್ಲಿಗೆ ಸೇರಬೇಕು. ಗೋದಾಮಿಗೆ ಹೋದವನು ಜೀವನವಿಡೀ ಇನ್ನೊಬ್ಬರಿಗೆ ಕೆಲಸದ ಹತ್ಯಾರ, ಉಪಕರಣ ಎಣಿಸಿ ಕೊಡುತ್ತ ಕೂರಬೇಕು.

ನನ್ನ ಗುಂಪಿನಲ್ಲಿ ಸದಾನಂದ, ಯಾಕೂಬ್. ಸದಾನಂದ ಕುಂದಾಪುರದ ಕಡೆಯವನು. ಅವನ ಸೋದರಮಾವ ನಾಸಿಕದಲ್ಲಿ ಹೋಟೆಲು ಇಟ್ಟಿದ್ದರು, ಬೆಳಿಗ್ಗೆ ಬರುವಾಗ ಇಡ್ಲಿಯ ಪೊಟ್ಟಣ ತರುತ್ತಿದ್ದ. ನನ್ನನ್ನು ಹೆಸರು ಹಿಡಿದು ಕರೆಯದೆ ಹುಬ್ಬಳ್ಳಿ ಎನ್ನುತ್ತಿದ್ದ. ಯಾಕೂಬ್ ಮಾಲೇಗಾಂವ್‌ನವನು. ಅವನ ಮನೆಯವರೆಲ್ಲ ಮಗ್ಗದ ಕೆಲಸದವರು. ಮಗ್ಗದ ಒಂದು ಭಾಗ ಮುರಿದರೆ ಹೊರಗಿನಿಂದ ಬರುವ ತನಕ ಮನೆಯವರೆಲ್ಲ ಕೈಕಟ್ಟಿ ಕೂರಬೇಕು, ಅಂಥದನ್ನು ತಾನೇ ಮಾಡುವಂತಾಗಬೇಕು ಎನ್ನುವುದು ಅವನ ಆಸೆ. ಅದಕ್ಕೆ ಟೂಲ್ ರೂಮ್ ಬೇಕಿತ್ತು. ನನ್ನ ವೇಳಾಪಟ್ಟಿಯ ಹುಚ್ಚು ನೋಡಿ ಅವನು ನನಗೆ ಘಡೀಸಾಬ್, ಗಡಿಯಾರದ ಸಾಹೇಬ, ಎಂದು ಹೆಸರಿಟ್ಟಿದ್ದ.

ನಮಗೆ ಕೊಟ್ಟ ಕೆಲಸ ಮೂರು ಬೀಡುಕಬ್ಬಿಣದ ಪ್ಲೇಟುಗಳನ್ನು ಸಪಾಟು ಮಾಡುವುದು. ಒಂದಡಿ ಉದ್ದ, ಒಂದಡಿ ಅಗಲ, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಒಬ್ಬೊಬ್ಬರಿಗೆ ಒಂದು. ಅಂಚಿನಲ್ಲಿ ಒಂದು, ಎರಡು, ಮೂರು ಎಂದು ಅಂಕಿ ಹೊಡೆದುಕೊಂಡೆವು. ನನ್ನದು ಒಂದು, ಸದಾನಂದನದು ಎರಡು, ಯಾಕೂಬನದು ಮೂರು. ಯಂತ್ರವಿಲ್ಲ, ಕೈಯಲ್ಲೇ ಕೆರೆಯಬೇಕು. ಒಂದು ಪ್ಲೇಟಿಗೆ ತೆಳುವಾಗಿ ನೀಲಿ ಹಚ್ಚಿ ಇನ್ನೊಂದನ್ನು ಅದರ ಮೇಲೆ ಮಗುಚಿ ಮೆಲ್ಲಗೆ ಆಡಿಸಬೇಕು. ಉಬ್ಬಿದ ಕಡೆ ನೀಲಿ ಹತ್ತುತ್ತದೆ. ಅಲ್ಲಷ್ಟೇ ಕೆರೆದು ಮತ್ತೆ ನೀಲಿ ಹಚ್ಚಬೇಕು. ಹೀಗೆ ಸಾವಿರ ಸಲ. ಮಳೆಗಾಲದಲ್ಲಿ ಕೆರೆದ ಮುಖ ಬೆಳಗಾಗುವುದರೊಳಗೆ ತುಕ್ಕು ಹಿಡಿಯುತ್ತಿತ್ತು. ಎಣ್ಣೆ ಒರೆಸದೆ ಮನೆಗೆ ಹೋದವನು ಮರುದಿನ ಅರ್ಧ ದಿನ ಅದಕ್ಕೇ ಕಳೆಯಬೇಕು. ನಾನು ಒಂದು ದಿನವೂ ಮರೆತಿಲ್ಲ.

ಎರಡೇ ಪ್ಲೇಟು ಏಕೆ ಸಾಲದು, ಮೂರು ಏಕೆ ಬೇಕು ಎಂದು ಪಗಾರೆ ಮಾಸ್ತರರು ಮೊದಲ ದಿನವೇ ಹೇಳಿದ್ದರು. ಬಾಯಿ ಹಾಕಬೇಡಿ ಎಂಬ ಆಜ್ಞೆಯ ಚೀಟಿ ಆಗಿನ್ನೂ ಅವರ ಕೈ ಸೇರಿರಲಿಲ್ಲ.

"ನಿಮ್ಮ ಮನೆಯಲ್ಲಿ ಭಾಕರಿ ಬೇಯಿಸುವ ಹಂಚು ನೋಡಿದ್ದೀರಲ್ಲ. ಒಂದರ ಮೇಲೊಂದು ಎರಡು ಹಂಚು ಇಡಿ. ನಡುವೆ ಕೂದಲು ತೂರುವುದಿಲ್ಲ, ಅಷ್ಟು ಚೆನ್ನಾಗಿ ಕೂರುತ್ತವೆ. ಹಾಗಂತ ಹಂಚು ಸಪಾಟಾಗಿದೆಯೇ? ಅದರ ನಡು ತಗ್ಗಿರುತ್ತದೆ. ಎರಡು ಸೇರಿ ಸುಳ್ಳು ಹೇಳಬಹುದು. ಮೂರನೆಯದು ಬಂದರೆ ಸುಳ್ಳು ನಿಲ್ಲುವುದಿಲ್ಲ."

ಆದ್ದರಿಂದ ಸರತಿ ಪ್ರಕಾರ ಒಂದಕ್ಕೆ ಎರಡು, ಎರಡಕ್ಕೆ ಮೂರು, ಮೂರಕ್ಕೆ ಒಂದು ತಾಳೆ ನೋಡಬೇಕು. ಸರತಿಯ ಪಟ್ಟಿ ಬರೆದವನು ನಾನು. ಯಾವ ವಾರ ಯಾವ ಹಂತ, ಯಾವ ದಿನ ಯಾವ ಜೋಡಿ, ಮುಗಿಸುವ ಗುರುವಾರ ಯಾವುದು ಎಲ್ಲವನ್ನೂ ಗೆರೆ ಎಳೆದು ಬರೆದು ಬೆಂಚಿನ ಮೇಲೆ ಅಂಟಿಸಿದೆ.

ಯಾಕೂಬ್ ಪ್ರತಿ ಸೋಮವಾರ ತಡವಾಗಿ ಬರುತ್ತಿದ್ದ. ಶನಿವಾರ ಸಂಜೆ ಮಾಲೇಗಾಂವ್‌ಗೆ ಹೋದವನು ಸೋಮವಾರ ಮೊದಲ ಬಸ್ಸಿಗೆ ಹೊರಡುತ್ತಿದ್ದ. ಮಳೆಯಲ್ಲಿ ಚಾಂದವಡ ಘಾಟಿನ ಹತ್ತಿರ ಬಸ್ಸು ತೆವಳುತ್ತಿತ್ತು. ಅರ್ಧ ಗಂಟೆ, ಕೆಲವು ಸಲ ಒಂದು ಗಂಟೆ. ಒದ್ದೆ ಚೀಲ ಗೂಟಕ್ಕೆ ಹಾಕಿ ಸೀದಾ ಬೆಂಚಿಗೆ ಬರುತ್ತಿದ್ದ, ಕಾರಣ ಹೇಳುತ್ತಿರಲಿಲ್ಲ. ನಾನೂ ಕೇಳಲಿಲ್ಲ. ತಡ ಎಂದರೆ ತಡ, ಅದಕ್ಕೆ ಕಾರಣ ಎಂಥದು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿದ್ದನ್ನು ನಾನು ಕಂಡಿರಲಿಲ್ಲ.

ಅವನಿಗಾಗಿ ಕಾಯುವುದು ಬೇಡವೆಂದು ಸೋಮವಾರ ನಾನೂ ಸದಾನಂದನೂ ನಮ್ಮ ಎರಡು ಪ್ಲೇಟುಗಳನ್ನೇ ತಾಳೆ ನೋಡತೊಡಗಿದೆವು. ಪಟ್ಟಿಯಲ್ಲಿ ಹಿಂದೆ ಬಿದ್ದಾಗ ಮಂಗಳವಾರವೂ ಹಾಗೇ ಮಾಡಿದೆವು. ಆಗಸ್ಟ್ ಕೊನೆಯ ಹೊತ್ತಿಗೆ ಮೂರನೆಯ ಪ್ಲೇಟು ಸರತಿಯಿಂದಲೇ ಜಾರಿಹೋಗಿತ್ತು. ನಮ್ಮವು ಎಷ್ಟು ಚೆನ್ನಾಗಿ ಕೂರುತ್ತಿದ್ದವೆಂದರೆ ಒಂದರ ಮೇಲಿನಿಂದ ಇನ್ನೊಂದನ್ನು ಎತ್ತುವಾಗ ಅಂಟಿಕೊಂಡಂತಾಗುತ್ತಿತ್ತು. ನೀಲಿ ಮುಖದ ತುಂಬ ರಾಗಿ ಚೆಲ್ಲಿದ ಹಾಗೆ ಸಮನಾಗಿ ಹರಡುತ್ತಿತ್ತು.

ಯಾಕೂಬ್ ಊಟದ ವೇಳೆಯಲ್ಲಿ ಒಬ್ಬನೇ ತನ್ನದನ್ನು ಒಮ್ಮೆ ನನ್ನ ಪ್ಲೇಟಿಗೆ, ಒಮ್ಮೆ ಸದಾನಂದನದಕ್ಕೆ ಹಚ್ಚಿ ನೋಡುತ್ತಿದ್ದ. ಎರಡೂ ತೋರಿಸಿದ ಕಲೆಯನ್ನಷ್ಟೇ ಕೆರೆಯುತ್ತಿದ್ದ. ಒಂದೇ ತೋರಿಸಿದ್ದನ್ನು ಮುಟ್ಟುತ್ತಿರಲಿಲ್ಲ. ನಾನು ಅದನ್ನು ನೋಡಿದೆ, ಅರ್ಥ ಮಾಡಿಕೊಳ್ಳಲಿಲ್ಲ.

ಮುಗಿಸುವ ಗುರುವಾರ ಬಂತು. ಮೂರನ್ನೂ ತಾಳೆ ನೋಡಿದೆವು. ನಮ್ಮೆರಡು ಕೂತವು, ಅವನದು ಎರಡಕ್ಕೂ ಕೂರಲಿಲ್ಲ.

ಸದಾನಂದ ಚಿಂದಿಯಿಂದ ಕೈ ಒರೆಸಿಕೊಂಡ. "ಇವಂದು ಯಾವುದಕ್ಕೂ ಕೂರುದಿಲ್ಲ ಮಾರಾಯ. ಎರಡು ಓಟು ಆಚೆ, ಒಂದು ಓಟು ಈಚೆ. ಮುಗೀತಲ್ಲ ಕತೆ."

ಯಾಕೂಬ್ ನನ್ನ ಮುಖ ನೋಡಿದ. ಅವನ ಹಿಂದಿಯನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಘಡೀಸಾಬ್, ಸ್ವಲ್ಪ ನೋಡು. ನನ್ನದನ್ನು ಇಟ್ಟರೆ ನಿನ್ನ ಪ್ಲೇಟಿಗೆ ನೀಲಿ ಅಂಚಿನಲ್ಲಿ ಹತ್ತುತ್ತದೆ. ಇವನದಕ್ಕೆ ನಡುವೆ ಹತ್ತುತ್ತದೆ. ನನ್ನದು ಕೆಟ್ಟಿದ್ದರೆ ಎರಡಕ್ಕೂ ಒಂದೇ ಕಡೆ ಹತ್ತಬೇಕಿತ್ತಲ್ಲ? ನಿನ್ನದು ತಗ್ಗು, ಇವನದು ಉಬ್ಬು. ಇನ್ನೊಂದು ವಾರ ಕೊಡಿ, ಮೂರನ್ನೂ ಸರಿ ಮಾಡೋಣ."

ನಾನು ಬೆಂಚಿನ ಪಟ್ಟಿಗೆ ಬೆರಳು ಮಾಡಿದೆ. "ಗುರುವಾರ ಮುಗಿಸಬೇಕು ಅಂತ ಬರೆದಿದೆ. ಇವತ್ತು ಗುರುವಾರ."

"ಪಟ್ಟಿ ಬರೆದವನು ನೀನೇ ಅಲ್ಲವೇ?"

"ಸೋಮವಾರ ಸರಿಯಾಗಿ ಬಂದಿದ್ದರೆ ಈ ಮಾತು ಬರ್ತಿರಲಿಲ್ಲ."

ಪಗಾರೆ ಮಾಸ್ತರರು ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದರು. ಕಿವಿಯ ಮೇಲಿನ ಪೆನ್ಸಿಲು ತೆಗೆದು ಕೈಯಲ್ಲಿ ಹಿಡಿದು ಮತ್ತೆ ಕಿವಿಗೆ ಸಿಕ್ಕಿಸಿಕೊಂಡು ಆಚೆ ಹೋದರು.

ಶುಕ್ರವಾರ ಸೈಕ್ಲೋಸ್ಟೈಲ್ ಮಾಡಿದ ಹಾಳೆಗಳು ಬಂದವು. ಕೆಳಗೆ ಅಧಿಕಾರಿಯ ಸಹಿ ಮೊದಲೇ ಅಚ್ಚಾಗಿತ್ತು. ಹತ್ತು ನಿಮಿಷದಲ್ಲಿ ತುಂಬಿ ಕೊಡಬೇಕು.

ಸದಾನಂದ ನನ್ನ ಕಡೆ ವಾಲಿ ಪಿಸುಗುಟ್ಟಿದ. "ಹುಬ್ಬಳ್ಳಿ, ನಾನು ನಿಂಗೆ ಒಂಬತ್ತು ಬರೀತೆ. ನಮ್ಮೋರಿಗೆ ನಮ್ಮೋರು ಆಗದೆ ಮತ್ಯಾರು ಆಗುದು?"

"ನಿನ್ನ ಕೆಲಸ ನೀ ನೋಡ್ಕೋ" ಎಂದೆ. ನಾನು ಅವನೊಂದಿಗೆ ಒಪ್ಪಂದ ಮಾಡಿಕೊಳ್ಳಲಿಲ್ಲ. ಒಪ್ಪಂದದ ಅಗತ್ಯವೇ ಬೀಳಲಿಲ್ಲ. ಬಹಳ ಪ್ರಾಮಾಣಿಕವಾಗಿ, ನನಗೆ ಎಂಟು, ಸದಾನಂದನಿಗೆ ಎಂಟು, ಯಾಕೂಬನಿಗೆ ನಾಲ್ಕು ಎಂದು ಬರೆದೆ. ಅವನ ಪ್ರತಿಯೊಂದು ಸೋಮವಾರವೂ ನನಗೆ ನೆನಪಿತ್ತು. ಆ ಊಟದ ವೇಳೆಗಳು ನೆನಪಾಗಲಿಲ್ಲ.

ಶನಿವಾರ ಫಲಕದ ಮೇಲೆ ಮೊತ್ತ ಹಾಕಿದರು. ಸದಾನಂದ ಇಪ್ಪತ್ತನಾಲ್ಕು, ನಾನು ಇಪ್ಪತ್ತಮೂರು, ಯಾಕೂಬ್ ಹದಿಮೂರು. ತನಗೆ ತಾನೇ ಹತ್ತು ಕೊಟ್ಟುಕೊಂಡ ಸದಾನಂದ ನಮ್ಮ ಗುಂಪಿಗೆ ಮೊದಲಿಗನಾಗಿದ್ದ. ಯಾಕೂಬ್ ಅದನ್ನು ಓದಿದ, ಚೀಲ ಎತ್ತಿಕೊಂಡು ಬಸ್ಸಿಗೆ ಹೋದ.

ಸೋಮವಾರ ಮಧ್ಯಾಹ್ನ ಪಗಾರೆ ಮಾಸ್ತರರು ನಮ್ಮಿಬ್ಬರನ್ನು ಕರೆದು ಮೂರು ಪ್ಲೇಟುಗಳನ್ನೂ ತಪಾಸಣೆ ಕೋಣೆಗೆ ಹೊರಿಸಿದರು. ಅಲ್ಲಿ ಬೀಗ ಹಾಕಿ ಇಟ್ಟ ಒಂದು ಮೂಲ ಪ್ಲೇಟು ಇತ್ತು, ಇಡೀ ಕಾರ್ಖಾನೆಯ ಅಳತೆಗೆ ಅದೇ ಆಧಾರ. ನನ್ನದನ್ನು ಅದರ ಮೇಲೆ ಇಟ್ಟರು, ನೀಲಿ ಅಂಚಿಗೆ ಹತ್ತಿತು. ಸದಾನಂದನದಕ್ಕೆ ನಡುವೆ ಹತ್ತಿತು. ಮೂರನೆಯದನ್ನು ಇಟ್ಟು ತೆಗೆದರು. ಮುಖದ ತುಂಬ ಸಮನಾಗಿ ಹತ್ತಿತ್ತು.

"ಎರಡು ಹಂಚು" ಎಂದರು ಮಾಸ್ತರರು.

"ಮಾಸ್ತರ್, ಗುರುವಾರವೇ ಯಾಕೆ ಹೇಳಲಿಲ್ಲ ನೀವು?" ಎಂದು ನಾನು ಕೇಳಿಬಿಟ್ಟೆ.

"ಹೇಳಬಾರದೆಂದು ನನ್ನ ಕೈಗೆ ಚೀಟಿ ಕೊಟ್ಟಿದ್ದಾರೆ. ಹೆದರಿದೆ. ಸಾಕಾ?"

ಸದಾನಂದ ಆ ಕೋಣೆಯಲ್ಲೇ ನನ್ನ ತೋಳು ಹಿಡಿದು "ಹೋದದ್ದು ಹೋಯ್ತು ಮಾರಾಯ, ಈಗ ಕೆದಕಿ ಎಂತ ಮಾಡುದು" ಎಂದ. ನಾನು ಕೈ ಬಿಡಿಸಿಕೊಂಡು ಅಧಿಕಾರಿಯ ಕೋಣೆಗೆ ಹೋದೆ. ನನ್ನ ಅಂಕ ತಪ್ಪು, ತಿದ್ದಿಕೊಡುತ್ತೇನೆ ಎಂದೆ. ಅವರು ಕಡತ ತೆಗೆದು ನನ್ನ ಸಹಿಯನ್ನು ನನಗೇ ತೋರಿಸಿದರು.

"ಇದು ನಿನ್ನ ಸಹಿ ತಾನೇ? ನಿಮಗೆ ಸ್ವಾತಂತ್ರ್ಯ ಕೊಟ್ಟೆವು. ನಾನು ಕೊಟ್ಟ ಅಂಕವಾಗಿದ್ದರೆ ತಿದ್ದಬಹುದಿತ್ತು. ಇದು ನೀವೇ ಕೊಟ್ಟದ್ದು."

"ಪ್ಲೇಟು ಸರಿಯಾಗಿದೆ ಸರ್. ಮಾಸ್ತರರು ಮೂಲದ ಮೇಲೆ ಇಟ್ಟು ನೋಡಿದ್ದಾರೆ."

"ಇದು ಪ್ಲೇಟಿನ ಪರೀಕ್ಷೆ ಅಲ್ಲ. ಒಟ್ಟಿಗೆ ಕೆಲಸ ಮಾಡುವುದರ ಪರೀಕ್ಷೆ. ಅವನ ಜೊತೆಯವರಿಬ್ಬರೂ ಅವನು ಬೇಡ ಅಂದಿದ್ದೀರಿ."

ಎಷ್ಟು ನಯವಾಗಿ ಹೇಳಿದರು. ನನ್ನ ಕೈಯಿಂದಲೇ ಕಲ್ಲು ಎಸೆಸಿ, ತಾವು ಕೈ ತೊಳೆದುಕೊಂಡು ಕೂತಿದ್ದರು. ಕೆಲಸ ನೋಡುವುದು, ತೂಗುವುದು, ಬೈಗುಳ ತಿನ್ನುವುದು ಅವರ ಕೆಲಸವಾಗಿತ್ತು. ಅದನ್ನು ಹತ್ತೊಂಬತ್ತು ವರ್ಷದ ಹುಡುಗರ ತಲೆಗೆ ಕಟ್ಟಿ, ಅದಕ್ಕೆ ಸ್ವಾತಂತ್ರ್ಯ ಎಂದು ಹೆಸರಿಟ್ಟರು. ಮಾಸ್ತರರ ಅಂಕ ಅನ್ಯಾಯವಾದರೆ ಬೈಯಲು ಒಬ್ಬ ಮನುಷ್ಯನಾದರೂ ಇದ್ದ. ಇಲ್ಲಿ ಅನ್ಯಾಯ ಆಯಿತು, ಮಾಡಿದವರು ಯಾರೆಂದು ಕೇಳಿದರೆ ನನ್ನ ಸಹಿಯನ್ನು ತೋರಿಸುತ್ತಾರೆ. ಇಂದಿಗೂ ಆ ಮೃದು ದನಿ ನೆನಪಾದರೆ ನನ್ನ ಕಿವಿ ಬಿಸಿಯಾಗುತ್ತದೆ.

ಯಾಕೂಬ್ ಗೋದಾಮಿನಲ್ಲಿ ನಾಲ್ಕು ದಿನ ಕೂತ. ಐದನೆಯ ದಿನ ಬರಲಿಲ್ಲ.

ಎರಡು ವಾರ ಕಳೆದ ಮೇಲೆ ಒಂದು ಭಾನುವಾರ ನಾನು ಮಾಲೇಗಾಂವ್‌ಗೆ ಹೋದೆ. ಬೆಳಿಗ್ಗೆ ಬರುವೆನೆಂದು ಮೊದಲೇ ಕಾರ್ಡು ಬರೆದಿದ್ದೆ, ಬಸ್ಸಿನ ವೇಳೆ ಸಮೇತ. ಘಾಟಿನಲ್ಲಿ ಬಸ್ಸು ಕೆಟ್ಟು ನಿಂತಿತು. ಯಾಕೂಬನ ಓಣಿಯಲ್ಲಿ ಮಗ್ಗಗಳ ಸದ್ದಿಗೆ ಪಕ್ಕದವನ ಮಾತೂ ಕೇಳುತ್ತಿರಲಿಲ್ಲ. ಅವನು ನಾಲ್ಕು ಮಗ್ಗಗಳ ನಡುವೆ ಓಡಾಡುತ್ತಿದ್ದ, ತಲೆಗೂದಲ ಮೇಲೆಲ್ಲ ಹತ್ತಿಯ ಧೂಳು. ನನ್ನನ್ನು ಕಂಡು ಹೊರಗೆ ಬಂದ.

"ನಿನ್ನ ಬಸ್ಸು ಎಷ್ಟು ಹೊತ್ತಿಗೆ ಬರಬೇಕಿತ್ತು?"

"ಒಂಬತ್ತಕ್ಕೆ."

"ಈಗ ಹತ್ತೂವರೆ. ಎಷ್ಟು ಅಂಕ ಕಡಿಮೆ ಮಾಡಲಿ, ಘಡೀಸಾಬ್?"

ಅವನು ನಕ್ಕು ಚಹಾ ತರಿಸಿದ. ಕಾರ್ಖಾನೆಯಲ್ಲಿದ್ದಾಗಲೂ ಭಾನುವಾರ ತಂದೆಯ ಪಾಳಿಯನ್ನು ಅವನೇ ಮಾಡುತ್ತಿದ್ದನಂತೆ. ತಂದೆಗೆ ಎದೆಯ ಕಾಯಿಲೆ, ವಾರಕ್ಕೊಂದು ದಿನವಾದರೂ ಮಲಗಲಿ ಎಂದು. ಇದನ್ನು ಅವನು ದೂರಾಗಿ ಹೇಳಲಿಲ್ಲ. ಒಳಗೆ ಕೆಮ್ಮಿದ್ದು ಯಾರೆಂದು ನಾನು ಕೇಳಿದ್ದಕ್ಕೆ ಹೇಳಿದ.

"ವಾಪಸ್ ಬಾ" ಎಂದೆ. "ಮಾಸ್ತರರು ಪ್ಲೇಟು ನೋಡಿದ್ದಾರೆ. ನಾವೆಲ್ಲ ಸೇರಿ ಹೇಳೋಣ."

"ಯಾರಿಗೆ ಹೇಳುವುದು? ಅಂಕ ಕೊಟ್ಟವರು ನೀವು. ನಿಮಗೆ ನೀವೇ ಹೇಳಿಕೊಳ್ಳಬೇಕು."

"ನೀನು ನಮಗೆ ಎಷ್ಟು ಬರೆದಿದ್ದೆ?"

"ಆರು."

"ನಿನಗೆ?"

"ಆರು. ಮೂವರಿಗೂ ಆರು." ಅವನು ಬಟ್ಟಲನ್ನು ಕೆಳಗಿಟ್ಟ. "ಮೂರು ಪ್ಲೇಟಿನ ಕೆಲಸ ಅದು. ಆಗುವುದಾದರೆ ಮೂರೂ ಸಪಾಟಾಗಬೇಕು, ಇಲ್ಲದಿದ್ದರೆ ಕೆಲಸವೇ ಆಗಿಲ್ಲ. ನನ್ನದೊಂದು ಸರಿಯಿದ್ದರೆ ಏನಾಯಿತು? ನಿಮ್ಮವೆರಡನ್ನು ಸರಿ ಮಾಡಿಸಲು ನನಗೆ ಆಗಲಿಲ್ಲವಲ್ಲ."

ಒಳಗೆ ಒಂದು ಮಗ್ಗ ನಿಂತಿತು. ಅವನು ಎದ್ದು ಹೋದ. ಬಾಗಿಲಲ್ಲಿ ತಿರುಗಿ, "ವಾಪಸ್ ಹೋಗುವ ಬಸ್ಸು ನಾಲ್ಕಕ್ಕೆ. ಅದೂ ತಡವಾಗಿ ಬರುತ್ತದೆ, ಚಿಂತೆ ಮಾಡಬೇಡ" ಎಂದ. ಆಮೇಲೆ ಅವನನ್ನು ನಾನು ನೋಡಲಿಲ್ಲ.

ನಾನು ಟೂಲ್ ರೂಮ್ ಸೇರಿದೆ. ಸದಾನಂದ ಎರಡೇ ವರ್ಷಕ್ಕೆ ಬಿಟ್ಟು ಮಾವನ ಹೋಟೆಲಿಗೆ ಹೋದ, ಆ ಜಾಗ ಅವನಿಗೆ ಬೇಕಾಗಿರಲೇ ಇಲ್ಲ. ಸೇರಿದ ಮೊದಲ ದಿನ ಬೆಂಚಿನ ಮೇಲೆ ಒಂದು ಪ್ಲೇಟು ಕಂಡೆ. ಅಂಚಿನಲ್ಲಿ ಮೂರು ಎಂಬ ಅಂಕಿ. ಅಷ್ಟು ಸಪಾಟಾದ ಪ್ಲೇಟು ಹಾಳಾಗುವುದು ಬೇಡವೆಂದು ದಿನದ ತಾಳೆಗೆ ಅದನ್ನೇ ಇಟ್ಟುಕೊಂಡಿದ್ದರು. ಮಾಡಿದವನನ್ನು ಹೊರಗೆ ಕಳಿಸಿದರು, ಅವನ ಕೆಲಸವನ್ನು ಒಳಗೆ ಇಟ್ಟುಕೊಂಡರು. ಅಲ್ಲಿ ನಾನು ಕಳೆದ ಇಪ್ಪತ್ತೆಂಟು ವರ್ಷ, ನನ್ನ ಕೈಯಿಂದ ಹೋದ ಪ್ರತಿಯೊಂದು ವಸ್ತುವನ್ನೂ ಯಾಕೂಬನ ಪ್ಲೇಟಿನ ಮೇಲೆ ನೀಲಿ ಹಚ್ಚಿ ನೋಡಿಯೇ ಕಳಿಸಿದೆ. ನಾಲ್ಕು ಅಂಕದ ಪ್ಲೇಟು. ಫೋರ್‌ಮನ್ ಆದ ಮೇಲೆ ನನ್ನ ವಿಭಾಗದ ಹುಡುಗರ ಅಂಕವನ್ನು ನಾನೇ ಕೊಟ್ಟೆ. ತಪ್ಪಿದಾಗ ಬೈಸಿಕೊಂಡೆ.

ಇಷ್ಟನ್ನೂ ಅನಘಾಗೆ ಹೇಳಿದೆ. ಅವಳು ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು.

"ಆ ವೈಜಾಪುರದ ಹುಡುಗ ಶನಿವಾರ ಯಾಕ ಬರಲಿಲ್ಲಂತ ಕೇಳೀಯೇನು?"

"ಇಲ್ಲ ಅಜ್ಜಾ."

"ಕೇಳು."

ಅವಳು ಫೋನು ತೆಗೆದುಕೊಂಡು ಹೊರಗಿನ ಗ್ಯಾಲರಿಗೆ ಹೋದಳು. ಮರಾಠಿಯಲ್ಲಿ ಮಾತಾಡುವುದು ಕೇಳಿಸಿತು. ಮೊದಲು ಜೋರಾಗಿದ್ದ ದನಿ ಮೆಲ್ಲಗಾಯಿತು, ಆಮೇಲೆ ಬಹಳ ಹೊತ್ತು ಅವಳು ಬರೀ ಕೇಳುತ್ತಿದ್ದಳು.

ಹಾಳೆ ಕುರ್ಚಿಯ ಮೇಲಿತ್ತು. ಕನ್ನಡಕ ಹಾಕಿಕೊಂಡು ಎತ್ತಿ ನೋಡಿದೆ. ನಾಲ್ಕು ಹೆಸರು, ಎದುರಿಗೆ ನಾಲ್ಕು ಖಾಲಿ ಚೌಕ. ಕೆಳಗೆ, 'ಮಾರ್ಗದರ್ಶಕರು ಪರಿಶೀಲಿಸಿದ್ದಾರೆ' ಎಂಬ ಅರ್ಥದ ಇಂಗ್ಲಿಷ್ ಸಾಲು. ಅದರ ಮೇಲೆ ಪ್ರಾಧ್ಯಾಪಕರ ಸಹಿ ಆಗಲೇ ಬಿದ್ದಿತ್ತು. ಹಸಿರು ಶಾಯಿ, ಅಂದವಾದ ಅಕ್ಷರ.

ಹಾಳೆಯನ್ನು ಅಂಚಿಗೆ ಅಂಚು ಸರಿಯಾಗಿ ಕೂಡಿಸಿ ಮಡಚಿ ಜೇಬಿನಲ್ಲಿಟ್ಟುಕೊಂಡಿದ್ದೇನೆ. ಸೋಮವಾರ ಅದನ್ನು ನಾನೇ ಕೊಡುತ್ತೇನೆ, ಖಾಲಿಯಾಗಿಯೇ, ಸಹಿ ಮಾಡಿದವರ ಕೈಗೆ. ಕಾಲೇಜು ಒಂಬತ್ತಕ್ಕೆ ತೆರೆಯುತ್ತದೆ. ಎಂಟು ಐವತ್ತಕ್ಕೆ ನಾನು ಅವರ ಬಾಗಿಲಲ್ಲಿರುತ್ತೇನೆ. ಅವರು ತಡವಾಗಿ ಬಂದರೆ, ಯಾಕೆ ತಡವಾಯಿತೆಂದು ಮೊದಲು ಕೇಳುತ್ತೇನೆ.